ಕೀನ್ಯಾದ ಆಸ್ಪತ್ರೆ ಡೇಟಾ, ನಮ್ಮೂರಿನ ರಕ್ತದ ಸ್ಯಾಂಪಲ್: ಗ್ರಾಮಸಭೆಯಲ್ಲಿ ಏನು ಕೇಳಬೇಕು?

ಕಾಡಂಚಿನ ಆಶಾ, ಸಾಗರ ತಾಲ್ಲೂಕು
ಸೋಮವಾರ, ರಾತ್ರಿ 9:40

ನಮಸ್ಕಾರ. ನಾನು ಸಾಗರ ತಾಲ್ಲೂಕಿನ ಕಾಡಂಚಿನ ಊರೊಂದರಲ್ಲಿ ಆಶಾ ಕಾರ್ಯಕರ್ತೆ. 14 ವರ್ಷದಿಂದ ಇದೇ ಕೆಲಸ. ಒಂದು ವಿಷಯಕ್ಕೆ ನಿಮ್ಮ ಸಲಹೆ ಬೇಕು. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ಮೊನ್ನೆ ಮಗಳು ಫೋನಿನಲ್ಲಿ ಒಂದು ಸುದ್ದಿ ಓದಿ ಹೇಳಿದಳು. ಕೀನ್ಯಾ ದೇಶಕ್ಕೆ ಅಮೆರಿಕ ಐದು ವರ್ಷದಲ್ಲಿ 160 ಕೋಟಿ ಡಾಲರ್ ಆರೋಗ್ಯ ನೆರವು ಕೊಡುತ್ತದಂತೆ. 2025ರ ಡಿಸೆಂಬರ್ 4ರಂದು ಸಹಿ ಆಯಿತು. ಅದರ ಜೊತೆಗೇ ಅಲ್ಲಿನ ಆರೋಗ್ಯದ ಡೇಟಾ ಅಮೆರಿಕಕ್ಕೆ ಸಿಗುವ ವ್ಯವಸ್ಥೆಯೂ ಇತ್ತು. ಒಂದೇ ವಾರದಲ್ಲಿ ನೈರೋಬಿಯ ಹೈಕೋರ್ಟ್ ಡೇಟಾ ಕಳಿಸುವ ಭಾಗಕ್ಕೆ ತಡೆ ಕೊಟ್ಟಿತು. ಕೇಸ್ ಹಾಕಿದ್ದು ಅಲ್ಲಿನ ಗ್ರಾಹಕರ ಒಕ್ಕೂಟ.

ಕೇಳಿದ ಕೂಡಲೇ ನನಗೆ ನಮ್ಮೂರಿನ ಒಂದು ಮನೆಯ ಜಗಲಿ ನೆನಪಾಯಿತು. ಏಳೆಂಟು ವರ್ಷದ ಹಿಂದೆ ಹೊರಗಿನ ಒಂದು ತಂಡ ಜೀಪಿನಲ್ಲಿ ಬಂದಿತ್ತು. ಯಾರು ಅಂತ ಹೆಸರು ಹೇಳುವುದಿಲ್ಲ. ಜ್ವರದ ಅಧ್ಯಯನ ಅಂದರು. ಆ ಜಗಲಿಯಲ್ಲಿ ಕೂರಿಸಿ 43 ಜನರ ರಕ್ತ ತೆಗೆದರು. ಮನೆ ಮನೆಗೆ ಹೋಗಿ ಜನರನ್ನು ಕರೆದು ತಂದವಳು ನಾನೇ. ಇಂಗ್ಲಿಷ್ ಕಾಗದಕ್ಕೆ ಹೆಬ್ಬೆಟ್ಟು ಹಾಕಿಸಿದವಳೂ ನಾನೇ. "ರಿಪೋರ್ಟ್ ಕಳಿಸುತ್ತೇವೆ ಮೇಡಂ" ಅಂದು ಹೋದರು. ಬರಲೇ ಇಲ್ಲ. ಆ ಮನೆಯ ಅಜ್ಜಿ ಈಗಲೂ ನನ್ನನ್ನು ಕಂಡರೆ ಕೇಳುತ್ತಾರೆ, "ನನ್ನ ರಕ್ತ ಎಲ್ಲಿಗೆ ಹೋಯ್ತೇ ಮಗಾ?" ನನ್ನ ಹತ್ತಿರ ಉತ್ತರ ಇಲ್ಲ.

ಈಗ ಇನ್ನೊಂದು ತಂಡ ಬರುತ್ತದಂತೆ. ಹಣ ಹೊರದೇಶದ್ದಂತೆ. ನಮ್ಮ ಉಪಕೇಂದ್ರಕ್ಕೆ ಫ್ರಿಜ್ಜು, ಜ್ವರ ಪರೀಕ್ಷೆಯ ಕಿಟ್ಟು ಕೊಡುತ್ತಾರಂತೆ. ಬದಲಿಗೆ ಐದು ವರ್ಷದ ನಮ್ಮ ಜ್ವರದ ರಿಜಿಸ್ಟರ್ ಮತ್ತು ಹೊಸ ರಕ್ತದ ಸ್ಯಾಂಪಲ್ ಬೇಕಂತೆ. ಗುರುವಾರ ಗ್ರಾಮಸಭೆಯಲ್ಲಿ ವಿಷಯ ಬರುತ್ತದೆ. ಫ್ರಿಜ್ಜು ನಮಗೆ ನಿಜವಾಗಿಯೂ ಬೇಕು. ಆದರೆ ಈ ಸಲ ಸುಮ್ನೆ ಜನರನ್ನು ಕರೆದು ಕೂರಿಸಲು ನನಗೆ ಮನಸ್ಸಿಲ್ಲ. ಏನು ಕೇಳಬೇಕು ಹೇಳಿ.

ಅಡಿಕೆ ತೋಟದವರು, ತೀರ್ಥಹಳ್ಳಿ
ಸೋಮವಾರ, ರಾತ್ರಿ 10:05

ಅಕ್ಕಾ, ಕೊಡಲೇಬೇಡಿ. ಫ್ರಿಜ್ಜು ನಾವು ಊರವರು ಸೇರಿ ತೆಗೆಸಿಕೊಡಬಹುದು. ಐದು ವರ್ಷದ ರಿಜಿಸ್ಟರ್ ಅಂದರೆ ಊರಿನ ಎಲ್ಲ ಮನೆಯ ಗುಟ್ಟು ಅಲ್ವಾ?

ನೈರೋಬಿಯಲ್ಲಿದ್ದವ, ಈಗ ಶಿವಮೊಗ್ಗ
ಸೋಮವಾರ, ರಾತ್ರಿ 11:20

ಅಕ್ಕಾ, ನಾನು ಆರು ವರ್ಷ ನೈರೋಬಿಯಲ್ಲಿ ಒಂದು ಔಷಧಿ ಗೋದಾಮಿನ ಲೆಕ್ಕಪತ್ರ ನೋಡುತ್ತಿದ್ದೆ. ಅಲ್ಲಿನ ಜನರ ಸ್ಥಿತಿ ಸ್ವಲ್ಪ ಹೇಳುತ್ತೇನೆ. ಇಲ್ಲಿ ಕೂತು "ಕೊಡಬೇಡಿ" ಅನ್ನುವುದು ಸುಲಭ.

2003ರಿಂದ ಅಮೆರಿಕದ ಪೆಪ್‌ಫಾರ್ ಯೋಜನೆಯಲ್ಲಿ ಆಫ್ರಿಕಾದ ಎಷ್ಟೋ ದೇಶಗಳಿಗೆ ಎಚ್‌ಐವಿ ಮಾತ್ರೆ ಹೋಗುತ್ತಿದೆ. ಆ ಮಾತ್ರೆ ದಿನಾ ತೆಗೆದುಕೊಳ್ಳಬೇಕು, ತಪ್ಪಿಸುವ ಹಾಗಿಲ್ಲ. 2025ರ ಜನವರಿ 20ರಂದು ಅಮೆರಿಕ ಹೊರದೇಶದ ನೆರವನ್ನೆಲ್ಲ ತಡೆಹಿಡಿಯಿತು. ನಾನು ಆಗ ಅಲ್ಲೇ ಇದ್ದೆ. ನಮ್ಮ ಗೋದಾಮಿನಲ್ಲಿ ಕೆಲಸ ಮಾಡುತ್ತಿದ್ದ ಒಬ್ಬಾಕೆ ಎರಡು ತಿಂಗಳ ಮಾತ್ರೆಯನ್ನು ಮೂರು ತಿಂಗಳಿಗೆ ಎಳೆಯಲು ಆಗುತ್ತದಾ ಅಂತ ನನ್ನನ್ನು ಕೇಳಿದಳು. ಹಾಗೆ ಮಾಡಬೇಡ, ಡಾಕ್ಟರ್ ಹತ್ತಿರ ಹೋಗು ಅಂದೆ. ಬೇರೆ ಏನು ಹೇಳಲಿ?

ಅದಾದ ಮೇಲೆ ಆ ವರ್ಷ ಜುಲೈ 1ಕ್ಕೆ ಈ ನೆರವು ಹಂಚುತ್ತಿದ್ದ ಅಮೆರಿಕದ ಯುಎಸ್ಏಡ್ ಸಂಸ್ಥೆಯ ಕೆಲಸವೇ ನಿಂತಿತು. ಸೆಪ್ಟೆಂಬರಿನಲ್ಲಿ ಹೊಸ ನೀತಿ ಬಂತು. ಇನ್ನು ಮುಂದೆ ಒಂದೊಂದು ದೇಶದ ಸರ್ಕಾರದ ಜೊತೆ ನೇರ ಒಪ್ಪಂದ, ಅವರೂ ತಮ್ಮ ಹಣ ಹಾಕಬೇಕು. ಕೀನ್ಯಾ 85 ಕೋಟಿ ಡಾಲರ್ ಹಾಕಲು ಒಪ್ಪಿತು. ಅದೇ ಹೊತ್ತಿಗೆ ಡೇಟಾ, ರೋಗಾಣುವಿನ ಸ್ಯಾಂಪಲ್ ಇವೆಲ್ಲ ಮಾತುಕತೆಯ ಮೇಜಿಗೆ ಬಂದವು. ಹೆಸರು ಇಲ್ಲದ, ಒಟ್ಟು ಮಾಡಿದ ಅಂಕಿ ಮಾತ್ರ ಹೋಗುತ್ತದೆ ಅಂತ ಕೀನ್ಯಾ ಸರ್ಕಾರ ಹೇಳಿತು. ಕೋರ್ಟಿಗೆ ಹೋದವರು ಅದನ್ನು ನಂಬಲಿಲ್ಲ.

ಜಿಂಬಾಬ್ವೆ 36.7 ಕೋಟಿ ಡಾಲರಿನ ಒಪ್ಪಂದವನ್ನೇ ಬೇಡ ಅಂದಿತು. ನಮ್ಮ ಸ್ಯಾಂಪಲ್ ಕೊಟ್ಟರೆ ಅದರಿಂದ ಆಗುವ ಲಸಿಕೆ ನಮಗೆ ಸಿಗುತ್ತದೆ ಅನ್ನುವ ಖಾತ್ರಿ ಇಲ್ಲ ಅನ್ನುವುದು ಅವರ ದೂರು. ನನಗೆ ಅವರ ಮೇಲೆ ಗೌರವ ಇದೆ. ಆದರೆ ಆ ಗೋದಾಮಿನ ಹೆಣ್ಣುಮಗಳ ಮುಖವೂ ಕಣ್ಣ ಮುಂದೆ ಬರುತ್ತದೆ. ಮಾತ್ರೆ ಕೈಯಲ್ಲಿ ಹಿಡಿದುಕೊಂಡು "ಸಹಿ ಹಾಕುತ್ತೀಯಾ?" ಅಂತ ಕೇಳಿದರೆ ಯಾರು ತಾನೇ ಇಲ್ಲ ಅನ್ನುತ್ತಾರೆ? ನನ್ನ ಸಿಟ್ಟು ಅದರ ಮೇಲೆ.

ಕಾಡಂಚಿನ ಆಶಾ
ಮಂಗಳವಾರ, ಬೆಳಿಗ್ಗೆ 6:15

ನಿಮ್ಮ ಕೊನೆ ಮಾತು ನನಗೆ ತಾಗಿತು ಅಣ್ಣ. ಫ್ರಿಜ್ಜೂ ಹಾಗೇ ಅಲ್ವಾ.

ಸೊರಬದ ಮೇಷ್ಟ್ರು, ನಿವೃತ್ತ
ಮಂಗಳವಾರ, ಬೆಳಿಗ್ಗೆ 10:30

ತಂಗಿ, ನೀನು ಕೇಳಿದ ಪ್ರಶ್ನೆಗೆ ನಮ್ಮ ಜಿಲ್ಲೆಯಲ್ಲಿ 70 ವರ್ಷದ ಹಿಂದಿನ ಕಥೆ ಇದೆ.

1957ರ ಬೇಸಿಗೆಗೆ ಮುಂಚೆ ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳಲು ಶುರುವಾಯಿತು. ಸೊಪ್ಪಿಗೆ, ಸೌದೆಗೆ ಕಾಡಿಗೆ ಹೋದವರಿಗೆ ವಿಪರೀತ ಜ್ವರ. ಆ ವರ್ಷ 466 ಜನರಿಗೆ ಬಂತು. ನಾನು ಆಗ ಸಣ್ಣ ಹುಡುಗ. ಮನೆಯಲ್ಲಿ ಯಾರೂ ಕಾಡಿನ ಕಡೆ ಮುಖ ಮಾಡಬಾರದು ಅಂತ ಅಪ್ಪ ಹೇಳಿದ್ದು ನೆನಪಿದೆ.

ಪುಣೆಯಿಂದ ವೈರಸ್ ಸಂಶೋಧನಾ ಕೇಂದ್ರದವರು ಬಂದರು. ಆ ಕೇಂದ್ರವನ್ನು 1952ರಲ್ಲಿ ಶುರು ಮಾಡಿದ್ದು ನಮ್ಮ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ಮತ್ತು ಅಮೆರಿಕದ ರಾಕ್‌ಫೆಲ್ಲರ್ ಫೌಂಡೇಶನ್ ಸೇರಿ. ಅಂದರೆ ಹೊರದೇಶದ ಹಣವೇ. ಮೊದಲು ಅವರಿಗೆ ಹಳದಿ ಜ್ವರ ಇರಬಹುದಾ ಅಂತ ಭಯ. ಭಾರತದಲ್ಲಿ ಅದು ಇರಲೇ ಇಲ್ಲ. ಮಂಗದಿಂದ, ಮನುಷ್ಯರಿಂದ, ಉಣುಗಿನಿಂದ ಸ್ಯಾಂಪಲ್ ತೆಗೆದು ಅದೇ ವರ್ಷ ಹೊಸ ವೈರಸ್ ಪತ್ತೆ ಮಾಡಿದರು. ನಾವು ಮಂಗನ ಕಾಯಿಲೆ ಅನ್ನುವುದನ್ನು ಲೋಕ ಕ್ಯಾಸನೂರು ಕಾಡಿನ ಕಾಯಿಲೆ ಅಂತ ಕರೆಯುತ್ತದೆ. ಸಾಗರದಲ್ಲಿ ಅವರ ಕ್ಷೇತ್ರ ಕೇಂದ್ರವೂ ಇತ್ತು. ಆ ಕೆಲಸ ಆಗದಿದ್ದರೆ ಉಣುಗಿನಿಂದ ಬರುತ್ತದೆ ಅನ್ನುವುದೇ ನಮಗೆ ತಿಳಿಯುತ್ತಿರಲಿಲ್ಲ. ಆ ಉಪಕಾರ ಮರೆಯಬಾರದು.

ಇನ್ನೊಂದು ಮಗ್ಗುಲೂ ಇದೆ. ಈ ಉಣುಗನ್ನು ದೂರದೇಶದಿಂದ ಹಕ್ಕಿಗಳು ತಂದವಾ ಅಂತ ನೋಡಲು ಹಕ್ಕಿಗಳ ಕಾಲಿಗೆ ಉಂಗುರ ಹಾಕುವ ಅಧ್ಯಯನ ನಡೆಯಿತು. ಮುಂಬಯಿಯ ನಿಸರ್ಗ ಇತಿಹಾಸ ಸಂಸ್ಥೆ, ಸಲೀಂ ಅಲಿ ಅವರು ಅದರಲ್ಲಿದ್ದರು. ಮೊದಲು ವಿಶ್ವ ಆರೋಗ್ಯ ಸಂಸ್ಥೆಯ ನೆರವು ಇತ್ತು. ಆಮೇಲೆ ಬಂದ ಹಣದ ಹಿಂದೆ ಅಮೆರಿಕದ ಸೇನೆ ಇತ್ತು. 1974ರಲ್ಲಿ ಇದು ಪತ್ರಿಕೆಗಳಲ್ಲಿ ದೊಡ್ಡ ಗದ್ದಲವಾಯಿತು. 1975ರಲ್ಲಿ ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿ ಇಂಥ ಹೊರದೇಶದ ಜಂಟಿ ಸಂಶೋಧನೆಗಳ ಮೇಲೆ ಒಂದು ವರದಿಯನ್ನೇ ಕೊಟ್ಟಿತು. ಹಕ್ಕಿ ಹಿಡಿದವರು ಒಳ್ಳೆಯ ಮನಸ್ಸಿನಿಂದಲೇ ಕೆಲಸ ಮಾಡಿದ್ದರು ಅಂತ ನಾನು ನಂಬುತ್ತೇನೆ. ಆದರೆ ಆ ಮಾಹಿತಿ ಕೊನೆಗೆ ಯಾರ ಮೇಜಿನ ಮೇಲೆ ಕೂರುತ್ತದೆ ಅಂತ ಮೊದಲೇ ಕೇಳಬೇಕಿತ್ತು. ಸಂಸತ್ತು ಕೇಳುವ ಹೊತ್ತಿಗೆ ಎಲ್ಲ ಮುಗಿದಿತ್ತು.

ಗುರುವಾರ ಮೊದಲು ಇದನ್ನೇ ಕೇಳು. ಹಣ ಯಾರದ್ದು? ಅವರಿಗೆ ಹಣ ಕೊಟ್ಟವರು ಯಾರು?

ಜ್ವರದ ವಾರ್ಡಿನ ಡಾಕ್ಟರ್, ಶಿವಮೊಗ್ಗ
ಮಂಗಳವಾರ, ಮಧ್ಯಾಹ್ನ 2:10

ಮೇಷ್ಟ್ರು ಹೇಳಿದ್ದು ಸರಿ. ಒಬ್ಬ ವೈದ್ಯನಾಗಿ ನನ್ನದೊಂದು ಮಾತು. ಮಾಹಿತಿ ಮುಚ್ಚಿಟ್ಟರೆ ಸಾಯುವವರು ಕಾಡಂಚಿನವರೇ. 2018ರ ಕೊನೆಯಲ್ಲಿ, 2019ರ ಆರಂಭದಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಏನಾಯಿತು ನಿಮಗೆಲ್ಲ ಗೊತ್ತು. ಮಂಗನ ಕಾಯಿಲೆಯಿಂದ ಒಂದೇ ಪಂಚಾಯಿತಿಯಲ್ಲಿ ಎಷ್ಟು ಮನೆಗಳು ಜೀವ ಕಳೆದುಕೊಂಡವು. ಎಲ್ಲಿ ಮಂಗ ಸತ್ತಿದೆ, ಯಾರಿಗೆ ಜ್ವರ ಬಂದಿದೆ ಅನ್ನುವುದು ಬೇಗ ತಿಳಿದಷ್ಟು ಒಳ್ಳೆಯದು.

ಮಂಗನ ಕಾಯಿಲೆಗೆ ಬೆಂಗಳೂರಿನ ಹೆಬ್ಬಾಳದಲ್ಲಿ ತಯಾರಾಗುತ್ತಿದ್ದ ಹಳೆಯ ಲಸಿಕೆಯನ್ನು 2022ರಲ್ಲಿ ನಿಲ್ಲಿಸಿದ್ದಾರೆ. ಅದರ ಶಕ್ತಿ ಸಾಲುತ್ತಿರಲಿಲ್ಲ. ಈಗ ಕೈಯಲ್ಲಿರುವುದು ಉಣುಗು ಹತ್ತದ ಹಾಗೆ ಮೈಗೆ ಹಚ್ಚುವ ಡೀಪಾ ಎಣ್ಣೆ ಮತ್ತು ಎಚ್ಚರ ಅಷ್ಟೇ. ಹೊಸ ಲಸಿಕೆ ಬರಬೇಕಾದರೆ ಕಾಯಿಲೆ ಬಂದವರ ರಕ್ತ ಬೇಕು, ವೈರಸ್ ಹೇಗೆ ಬದಲಾಗಿದೆ ಅಂತ ನೋಡಬೇಕು. ಹಾಗಾಗಿ "ಕೊಡಲೇಬೇಡಿ" ಅನ್ನುವ ಮಾತಿಗೆ ನನ್ನ ಒಪ್ಪಿಗೆ ಇಲ್ಲ.

ಹಾಗಂತ ಬಿಟ್ಟಿ ಕೊಡಬೇಕಿಲ್ಲ. 2007ರಲ್ಲಿ ಇಂಡೊನೇಷ್ಯಾ ಹಕ್ಕಿಜ್ವರದ ವೈರಸ್ ಸ್ಯಾಂಪಲ್ ಕೊಡುವುದನ್ನು ನಿಲ್ಲಿಸಿತು. ತಾವು ಕೊಟ್ಟ ವೈರಸ್‌ನಿಂದ ಶ್ರೀಮಂತ ದೇಶದ ಕಂಪನಿ ಲಸಿಕೆ ಮಾಡುತ್ತದೆ, ಅದನ್ನು ಕೊಳ್ಳುವ ಶಕ್ತಿ ತಮಗೆ ಇರುವುದಿಲ್ಲ ಅಂದರು. ಆಗ ಎಷ್ಟೋ ಜನ ಬೈದರು. ಆದರೆ ನಾಲ್ಕು ವರ್ಷ ಮಾತುಕತೆ ಆಗಿ 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯಲ್ಲಿ ಒಂದು ನಿಯಮವೇ ಬಂತು. ಇನ್‌ಫ್ಲುಯೆಂಜಾ ವೈರಸ್ ಪಡೆಯುವ ಕಂಪನಿಗಳು ಬದಲಿಗೆ ಲಸಿಕೆಯನ್ನೋ ಔಷಧಿಯನ್ನೋ ಕೊಡಲು ಒಪ್ಪಬೇಕು. 2025ರ ಮೇ ತಿಂಗಳಲ್ಲಿ ಒಪ್ಪಿದ ಸಾಂಕ್ರಾಮಿಕ ಒಪ್ಪಂದದಲ್ಲೂ ಇದೇ ದಾರಿ. ಕಂಪನಿಗಳು ತಯಾರಿಕೆಯ ಶೇ. 20ರಷ್ಟನ್ನು ವಿಶ್ವ ಆರೋಗ್ಯ ಸಂಸ್ಥೆಗೆ ಕೊಡುವ ಗುರಿ, ಅದರಲ್ಲಿ ಕನಿಷ್ಠ ಅರ್ಧ ಉಚಿತವಾಗಿ. ಅಮೆರಿಕ 2026ರ ಜನವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯಿಂದ ಹೊರಗೆ ಹೋಯಿತು. ಎಲ್ಲರೂ ಸೇರಿ ಮಾಡಿದ ನಿಯಮದ ಹೊರಗೆ, ಒಂದೊಂದೇ ಬಡ ದೇಶವನ್ನು ಕೂರಿಸಿಕೊಂಡು ಮಾತಾಡಿದರೆ ಆ ದೇಶಕ್ಕೆ ಚೌಕಾಸಿ ಮಾಡುವ ಬಲ ಎಲ್ಲಿಂದ ಬರಬೇಕು?

ಹೊಸನಗರದ ಹುಡುಗ, ಬೆಂಗಳೂರಲ್ಲಿ ಸಾಫ್ಟ್‌ವೇರ್
ಮಂಗಳವಾರ, ರಾತ್ರಿ 8:50

"ಹೆಸರು ತೆಗೆದ ಡೇಟಾ" ಅನ್ನುವ ಮಾತು ಬಂದಿದೆ. ನಾನು ಆಸ್ಪತ್ರೆಗಳ ಸಾಫ್ಟ್‌ವೇರ್ ಮೇಲೆ ಕೆಲಸ ಮಾಡುತ್ತೇನೆ. ಇದನ್ನು ದಯವಿಟ್ಟು ಗಮನ ಇಟ್ಟು ಓದಿ.

ಅಕ್ಕಾ, ನಿಮ್ಮ ರಿಜಿಸ್ಟರಿನಲ್ಲಿ ಹೆಸರು ಅಳಿಸಿದೆವು ಅಂದುಕೊಳ್ಳಿ. ಉಳಿದದ್ದು ಏನು? ಊರು, ವಯಸ್ಸು, ಗಂಡೋ ಹೆಣ್ಣೋ, ಜ್ವರ ಬಂದ ತಾರೀಕು, ಬೇರೆ ಕಾಯಿಲೆ. ಬೆಂಗಳೂರಿನಲ್ಲಿ "34 ವರ್ಷ, ಹೆಣ್ಣು" ಅಂದರೆ ಸಾವಿರಾರು ಜನ. ನಮ್ಮ ಕಡೆ 40 ಮನೆಯ ಊರಲ್ಲಿ ಒಬ್ಬರೇ. ಅವರ ಹೆಸರು ಬರೆಯಬೇಕಾಗಿಯೇ ಇಲ್ಲ. ಆ ಸಾಲಿನಲ್ಲಿ ಕ್ಷಯ ಅಂತಲೋ, ಗರ್ಭಪಾತ ಅಂತಲೋ ಇದ್ದರೆ ಊರಿಗೇ ಗೊತ್ತಾದ ಹಾಗೆ. ಮಲೆನಾಡಿನಲ್ಲಿ ಒಂಟಿ ಮನೆಗಳು, ದೂರ ದೂರದ ಕೇರಿಗಳು. ಹೆಸರು ಅಳಿಸಿದರೆ ಸಾಕು ಅನ್ನುವ ಲೆಕ್ಕ ನಮ್ಮ ಕಡೆ ಕೆಲಸ ಮಾಡುವುದೇ ಇಲ್ಲ.

ದೊಡ್ಡ ಊರಲ್ಲೂ ಇದು ಪೂರ್ತಿ ಸುರಕ್ಷಿತ ಅಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಸರ್ಕಾರಿ ನೌಕರರ ಆಸ್ಪತ್ರೆ ದಾಖಲೆಗಳನ್ನು ಹೆಸರು ತೆಗೆದು ಸಂಶೋಧನೆಗೆ ಕೊಟ್ಟಿದ್ದರು. 1997ರ ಸುಮಾರಿಗೆ ಲತಾನ್ಯಾ ಸ್ವೀನಿ ಅನ್ನುವ ವಿದ್ಯಾರ್ಥಿನಿ ಅದನ್ನು ಮತದಾರರ ಪಟ್ಟಿಯ ಜೊತೆ ತಾಳೆ ಹಾಕಿದರು. ಆ ರಾಜ್ಯದ ಗವರ್ನರ್ ಅವರದೇ ದಾಖಲೆ ಸಿಕ್ಕಿತು. ಹುಟ್ಟಿದ ದಿನ, ಪಿನ್ ಕೋಡ್, ಲಿಂಗ, ಇಷ್ಟೇ ಸಾಕಾಯಿತು.

ಹಾಗಾಗಿ ರಿಜಿಸ್ಟರ್ ಪ್ರತಿ ಬೇಡವೇ ಬೇಡ. ಬೇಕಾದರೆ ತಾಲ್ಲೂಕಿಗೆ ಒಟ್ಟು ಎಷ್ಟು ಜ್ವರ, ಯಾವ ತಿಂಗಳು, ಅಷ್ಟು ಕೊಡಬಹುದು. ಐದಕ್ಕಿಂತ ಕಡಿಮೆ ಸಂಖ್ಯೆ ಇರುವ ಕಡೆ ಸಂಖ್ಯೆಯನ್ನೂ ಬರೆಯಬಾರದು. ಇನ್ನೊಂದು, ಸರ್ಕಾರದ ಆರೋಗ್ಯ ಗುರುತಿನ ಸಂಖ್ಯೆ, ಅದೇ ಆಭಾ ನಂಬರ್ ಕೇಳಿದರೆ ಅಂತೂ ಕೊಡಲೇಬೇಡಿ. 14 ಅಂಕಿಯ ಆ ನಂಬರಿಗೆ ಒಬ್ಬ ಮನುಷ್ಯನ ಬೇರೆ ಬೇರೆ ಆಸ್ಪತ್ರೆಯ ಕಡತಗಳು ಸೇರುತ್ತವೆ.

ಕಾಡಂಚಿನ ಆಶಾ
ಮಂಗಳವಾರ, ರಾತ್ರಿ 9:30

ತಮ್ಮಾ, ನಮ್ಮೂರಲ್ಲಿ ಆಭಾ ನಂಬರ್ ಮಾಡಿಸಿದ್ದು ನಾನೇ. ಒಂದೊಂದು ಮನೆಯಲ್ಲಿ ನೆಟ್‌ವರ್ಕ್ ಸಿಗದೆ ಗುಡ್ಡ ಹತ್ತಿ ಒಟಿಪಿ ತೆಗೆದಿದ್ದೇನೆ. ಅವರು ಕಳಿಸಿದ ಪಟ್ಟಿಯಲ್ಲಿ "ಗುರುತಿನ ಸಂಖ್ಯೆ" ಅಂತ ಒಂದು ಕಾಲಂ ಇದೆ. ಯಾವ ಸಂಖ್ಯೆ ಅಂತ ನಾಳೆ ಕೇಳುತ್ತೇನೆ.

ಸಾಗರದ ಮಗಳು
ಮಂಗಳವಾರ, ರಾತ್ರಿ 11:45

ಇಲ್ಲಿ ಬರೆಯಬೇಕಾ ಬೇಡವಾ ಅಂತ ತುಂಬಾ ಹೊತ್ತು ಯೋಚಿಸಿದೆ.

ಹಂದಿಗೋಡು ಕಾಯಿಲೆ ನಿಮಗೆ ಗೊತ್ತಿರಬಹುದು. 1975ರ ಸುಮಾರಿಗೆ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ ಮೊದಲು ಗುರುತಿಸಿದರು. ಸೊಂಟದ ಕೀಲು, ಮಂಡಿ ಸವೆದು ನಡೆಯಲು ಆಗುವುದಿಲ್ಲ. ಬಂದದ್ದು ಜಾಸ್ತಿ ಚನ್ನಂಗಿ ಮತ್ತು ಛಲವಾದಿ ಜನರಿಗೆ. ಕೂಲಿ ಮಾಡಿ ಬದುಕುವವರಿಗೆ. ವಂಶದಲ್ಲಿ ಬರುವಂಥದ್ದು ಅಂತ ಆಮೇಲೆ ಹೇಳಿದರು. ನಮ್ಮ ದೊಡ್ಡಮ್ಮನಿಗೆ ಇತ್ತು.

ಎಷ್ಟು ಸಲ ರಕ್ತ ತೆಗೆದರು, ಎಷ್ಟು ಸಲ ಎಕ್ಸ್‌ರೇ ತೆಗೆದರು ಅಂತ ದೊಡ್ಡಮ್ಮ ಲೆಕ್ಕ ಇಡುವುದನ್ನೇ ಬಿಟ್ಟಿದ್ದರು. ನಡೆಸಿ ನೋಡುತ್ತಿದ್ದರು, ಫೋಟೋ ತೆಗೆಯುತ್ತಿದ್ದರು. ಕೊನೆಕೊನೆಗೆ ಯಾರಾದರೂ ಬ್ಯಾಗ್ ಹಿಡಿದು ಬಂದರೆ ಅವರೇ ಸೀರೆ ಸ್ವಲ್ಪ ಮೇಲೆ ಎತ್ತಿ ಮಂಡಿ ತೋರಿಸಿಬಿಡುತ್ತಿದ್ದರು. ಅವರು ಕೇಳುತ್ತಿದ್ದದ್ದು ಒಂದು ಊರುಗೋಲು ಮತ್ತು ನೋವಿನ ಮಾತ್ರೆ.

ಆ ತಂಡಗಳೆಲ್ಲ ಹೊರದೇಶದವರೇನೂ ಅಲ್ಲ, ನಮ್ಮ ದೇಶದವರೇ. ನಮ್ಮ ಜಿಲ್ಲೆಯ ಎರಡು ಊರಿನ ಹೆಸರು ಕಾಯಿಲೆಯ ಹೆಸರಾಗಿ ವೈದ್ಯರ ಪುಸ್ತಕ ಸೇರಿದೆ. ಊರಿಗೆ ತಿರುಗಿ ಬಂದದ್ದೇನು ಅಂತ ನಾನು ಇವತ್ತಿಗೂ ಕೇಳುತ್ತೇನೆ. ಆ ಹೆಸರು ಹೇಳಿದರೆ ಹೆಣ್ಣು ಕೊಡಲು, ತರಲು ಹಿಂದೆ ಮುಂದೆ ನೋಡುವವರು ಈಗಲೂ ಇದ್ದಾರೆ. ಡೇಟಾ ಅಂದರೆ ನಮಗೆ ಇದು.

ಅಡಿಕೆ ತೋಟದವರು, ತೀರ್ಥಹಳ್ಳಿ
ಬುಧವಾರ, ಬೆಳಿಗ್ಗೆ 7:00

ನಿಮ್ಮ ದೊಡ್ಡಮ್ಮನ ವಿಷಯ ಓದಿ ರಾತ್ರಿ ನಿದ್ದೆ ಬರಲಿಲ್ಲ ತಂಗಿ. ಬರೆದದ್ದಕ್ಕೆ ಧನ್ಯವಾದ. ಡಾಕ್ಟರ್ ಮಾತೂ ಓದಿದೆ. ಕೊಡಲೇಬೇಡಿ ಅಂದ ನನ್ನ ಮಾತನ್ನು ವಾಪಸ್ ತೆಗೆದುಕೊಳ್ಳುತ್ತೇನೆ. ಆದರೆ ಫ್ರಿಜ್ಜು ನಾವು ಕೊಡಿಸುತ್ತೇವೆ ಅಂದದ್ದು ಹಾಗೇ ಇದೆ. ಸೊಸೈಟಿಯಲ್ಲಿ ಮಾತಾಡಿದ್ದೇನೆ, ನಾಲ್ಕು ಜನ ಒಪ್ಪಿದ್ದಾರೆ. ಫ್ರಿಜ್ಜಿನ ಹಂಗು ಇಲ್ಲದೆ ನೀವು ಸಭೆಯಲ್ಲಿ ಮಾತಾಡುವ ಹಾಗಾಗಬೇಕು ಅಕ್ಕಾ.

ಕಾನೂನು ಓದುತ್ತಿರುವವಳು, ಶಿವಮೊಗ್ಗ
ಬುಧವಾರ, ಬೆಳಿಗ್ಗೆ 11:15

ಅಕ್ಕಾ, ಕಾನೂನಿನಲ್ಲಿ ನಿಮಗೆ ಉಪಯೋಗ ಆಗುವುದನ್ನು ಮಾತ್ರ ಹೇಳುತ್ತೇನೆ.

ಹೊರದೇಶದ ಹಣ ಅಥವಾ ಪಾಲು ಇರುವ ಆರೋಗ್ಯ ಸಂಶೋಧನೆ ಐಸಿಎಂಆರ್ ಮೂಲಕ ಆರೋಗ್ಯ ಸಚಿವಾಲಯದ ಪರಿಶೀಲನಾ ಸಮಿತಿಗೆ ಹೋಗಬೇಕು. ಜೊತೆಗೆ ಸಂಶೋಧನೆಯಿಂದ ಜನರಿಗೆ ಅನ್ಯಾಯ ಆಗದ ಹಾಗೆ ನೋಡುವ ನೈತಿಕ ಸಮಿತಿಯ ಒಪ್ಪಿಗೆ ಬೇಕು. ಎರಡರ ಪತ್ರವನ್ನೂ ಸಭೆಯಲ್ಲಿ ತೋರಿಸಿ ಅನ್ನಿ. 2017ರ ಐಸಿಎಂಆರ್ ಮಾರ್ಗಸೂಚಿಯ ಪ್ರಕಾರ ಒಪ್ಪಿಗೆ ಪತ್ರ ಜನರಿಗೆ ಅರ್ಥವಾಗುವ ಭಾಷೆಯಲ್ಲಿ ಇರಬೇಕು. ಓದು ಬಾರದವರು ಹೆಬ್ಬೆಟ್ಟು ಹಾಕುವಾಗ ಆ ತಂಡಕ್ಕೆ ಸಂಬಂಧ ಇಲ್ಲದ ಒಬ್ಬ ಸಾಕ್ಷಿ ಬೇಕು. ನೀವು ಅವರ ಕೆಲಸಕ್ಕೆ ಜನ ಕರೆತರುವವರಾದರೆ ನೀವು ಸಾಕ್ಷಿ ಆಗಬೇಡಿ. ಬೇಡ ಅಂದವರಿಗೆ ಚಿಕಿತ್ಸೆಯಲ್ಲಿ ಏನೂ ಕಡಿಮೆ ಆಗಬಾರದು.

ಜನರ ಮಾಹಿತಿ ಕಾಪಾಡಲು ತಂದ 2023ರ ಡೇಟಾ ಕಾಯ್ದೆಯನ್ನು ಜಾಸ್ತಿ ನಂಬಿ ಕೂರಬೇಡಿ. ಮೊದಲಿನ ಕರಡುಗಳಲ್ಲಿ ಆರೋಗ್ಯದ ಮಾಹಿತಿಗೆ "ಸೂಕ್ಷ್ಮ" ಅಂತ ಬೇರೆ ರಕ್ಷಣೆ ಇತ್ತು. ಪಾಸಾದ ಕಾಯ್ದೆಯಲ್ಲಿ ಅದು ಇಲ್ಲ. ಕೇಂದ್ರ ಸರ್ಕಾರ ಬೇಡ ಅಂದ ದೇಶ ಬಿಟ್ಟು ಉಳಿದ ಕಡೆ ಡೇಟಾ ಕಳಿಸಬಹುದು. ನಿಯಮಗಳು 2025ರ ನವೆಂಬರಿನಲ್ಲಿ ಬಂದರೂ ಮುಖ್ಯ ಭಾಗ ಜಾರಿಗೆ ಬರಲು 18 ತಿಂಗಳ ಸಮಯ ಕೊಟ್ಟಿದ್ದಾರೆ. ಎಚ್‌ಐವಿ ಇರುವವರಿಗೆ ಮಾತ್ರ 2017ರ ಬೇರೆ ಕಾಯ್ದೆ ಇದೆ, ಅದು ಗಟ್ಟಿ ಇದೆ.

ಅಂದರೆ ಸದ್ಯಕ್ಕೆ ನಿಮ್ಮ ಬಲ ಇರುವುದು ಗ್ರಾಮಸಭೆಯ ನಡಾವಳಿ ಪುಸ್ತಕದಲ್ಲಿ. ಏನು ಕೇಳಿದಿರಿ, ಅವರು ಏನು ಒಪ್ಪಿದರು ಅಂತ ಅದರಲ್ಲಿ ಬರೆಸಿ. ಪಿಡಿಒ ಸಹಿ ಮಾಡಿಸಿ.

ಕಾಡಂಚಿನ ಆಶಾ
ಬುಧವಾರ, ರಾತ್ರಿ 8:20

ಎಲ್ಲರ ಮಾತು ಕೂಡಿಸಿ ಮಗಳು ಮತ್ತು ನಾನು ಒಂದು ಅರ್ಜಿ ಬರೆದೆವು. ನೋಡಿ, ತಪ್ಪಿದ್ದರೆ ತಿದ್ದಿ.

"ಹಣ ಯಾರದ್ದು, ಸ್ಯಾಂಪಲ್ ಯಾವ ಲ್ಯಾಬಿಗೆ ಹೋಗುತ್ತದೆ, ದೇಶದ ಹೊರಗೆ ಹೋಗುತ್ತದೆಯೇ ಎಂದು ಬರೆದು ಕೊಡಬೇಕು. ಜ್ವರದ ರಿಜಿಸ್ಟರಿನ ಪ್ರತಿ ಕೊಡುವುದಿಲ್ಲ. ಮಂಗನ ಕಾಯಿಲೆಗೆ ಶಿವಮೊಗ್ಗದ ವೈರಸ್ ಪತ್ತೆ ಲ್ಯಾಬ್ ಆದ ವಿಡಿಎಲ್‌ಗೆ ಕಳಿಸಿದ ರಕ್ತಕ್ಕೆ ನಮಗೆ ಉತ್ತರ ಬರುತ್ತದೆ. ಹಾಗೆಯೇ ಇಲ್ಲಿ ತೆಗೆದ ಪ್ರತಿಯೊಬ್ಬರ ರಕ್ತದ ಫಲಿತಾಂಶ ಅವರವರ ಕೈಗೆ ಕನ್ನಡದಲ್ಲಿ ಬರಬೇಕು. ಉಪಕೇಂದ್ರಕ್ಕೆ ಕೊಡುವ ಸಾಮಾನಿಗೂ ರಕ್ತಕ್ಕೂ ಸಂಬಂಧ ಇರಬಾರದು. ಈ ಸ್ಯಾಂಪಲ್‌ನಿಂದ ಲಸಿಕೆ ಅಥವಾ ಔಷಧಿ ಆದರೆ ಈ ತಾಲ್ಲೂಕಿಗೆ ಮೊದಲು ಸಿಗಬೇಕು."

ಜ್ವರದ ವಾರ್ಡಿನ ಡಾಕ್ಟರ್, ಶಿವಮೊಗ್ಗ
ಬುಧವಾರ, ರಾತ್ರಿ 9:00

ಚೆನ್ನಾಗಿದೆ. ಕೊನೆಯದನ್ನು ಅವರು ಇಲ್ಲಿ ನಿಂತು ಒಪ್ಪಲು ಆಗಲಿಕ್ಕಿಲ್ಲ, ಅವರ ಮೇಲಿನವರನ್ನು ಕೇಳಬೇಕಾಗುತ್ತದೆ. ಆದರೂ ಬಿಡಬೇಡಿ, ಬರೆದಿರಲಿ. "ಉಳಿದ ರಕ್ತವನ್ನು ಬೇರೆ ಅಧ್ಯಯನಕ್ಕೆ ಬಳಸುವ ಮೊದಲು ಮತ್ತೆ ಕೇಳಬೇಕು" ಅನ್ನುವುದನ್ನು ಸೇರಿಸಿ. ಫ್ರೀಜರಿನಲ್ಲಿ ಇಟ್ಟ ರಕ್ತ ವರ್ಷಗಟ್ಟಲೆ ಇರುತ್ತದೆ.

ಸಾಗರದ ಮಗಳು
ಬುಧವಾರ, ರಾತ್ರಿ 9:25

ಫೋಟೋ ತೆಗೆಯಬಾರದು ಅಂತಲೂ ಸೇರಿಸಿ ಅಕ್ಕಾ.

ಕಾಡಂಚಿನ ಆಶಾ
ಗುರುವಾರ, ಸಂಜೆ 6:40

ಸಭೆ ಮುಗಿಸಿ ಈಗ ಮನೆಗೆ ಬಂದೆ. ಅರ್ಜಿ ಓದಿದೆ. ತಂಡದಿಂದ ಇಬ್ಬರು ಬಂದಿದ್ದರು. ಮರ್ಯಾದೆಯಿಂದಲೇ ಮಾತಾಡಿದರು. ಗುರುತಿನ ಸಂಖ್ಯೆ ಅಂದರೆ ಆಭಾ ನಂಬರೇ ಅಂತೆ. ಆ ಕಾಲಂ ತೆಗೆಯುತ್ತೇವೆ ಅಂದರು. ಫಲಿತಾಂಶ ಕನ್ನಡದಲ್ಲಿ ಕೊಡಲು, ಫೋಟೋ ತೆಗೆಯದಿರಲು ಒಪ್ಪಿದರು. ರಿಜಿಸ್ಟರ್ ಇಲ್ಲದೆ ಅಧ್ಯಯನ ಮಾಡಲು ಆಗುತ್ತದಾ ಅಂತ ಕೇಳಿ ಬರುತ್ತೇವೆ ಅಂದರು. ಲಸಿಕೆಯ ಮಾತಿಗೆ ಉತ್ತರ ಇಲ್ಲ. ಒಪ್ಪಿಗೆ ಪತ್ರಗಳನ್ನು ತಂದಿರಲಿಲ್ಲ. ಅವು ಬಂದ ಮೇಲೆ ಮತ್ತೆ ಸಭೆ. ಅಲ್ಲಿಯವರೆಗೆ ಯಾರ ರಕ್ತವೂ ತೆಗೆಯುವುದಿಲ್ಲ ಅಂತ ನಡಾವಳಿಯಲ್ಲಿ ಬರೆಸಿದ್ದೇವೆ, ಸಹಿ ಆಗಿದೆ.

ಅಜ್ಜಿಯೂ ಬಂದಿದ್ದರು. ನನ್ನ ಪಕ್ಕದಲ್ಲೇ ಕೂತಿದ್ದರು. ಎಲ್ಲ ಮುಗಿದ ಮೇಲೆ ಎದ್ದು ನಿಂತು ಆ ಇಬ್ಬರನ್ನೂ ಕೇಳಿದರು, "ಹೋದ ಸಲದ್ದು ಎಲ್ಲಿದೆ ಅಂತ ನಿಮಗೇನಾದರೂ ಗೊತ್ತಾ ಮಕ್ಕಳಾ?" ಅವರು ಬೇರೆಯವರು, ಅವರಿಗೆ ಹೇಗೆ ಗೊತ್ತಿರಬೇಕು. ಆದರೂ ಅವರಲ್ಲಿ ಆ ಹುಡುಗಿ ಪುಸ್ತಕ ತೆಗೆದು ವರ್ಷ, ತಿಂಗಳು, ಜೀಪಿನ ಬಣ್ಣ ಎಲ್ಲ ಬರೆದುಕೊಂಡಳು. ವಿಚಾರಿಸುತ್ತೇನೆ ಅಂದಳು. ನನ್ನ ಹಳೆಯ ಡೈರಿಯಲ್ಲಿ ಆ ದಿನದ 43 ಹೆಸರೂ ಇವೆ. ಇವತ್ತು ರಾತ್ರಿ ಹುಡುಕಿ ತೆಗೆದಿಡುತ್ತೇನೆ.